ಕಾರಿನ ಹೊಗೆಯೂ ಮಕ್ಕಳ ರಕ್ತವೂ: ಕ್ಯಾಟಲಿಟಿಕ್ ಕನ್ವರ್ಟರಿನ ಚರಿತ್ರೆ



ವೈದ್ಯರನ್ನು ಉಪನ್ಯಾಸಕ್ಕೆ ಕರೆದರೆ ರಕ್ತದೊತ್ತಡ, ಮಧುಮೇಹ, ಕೊಲೆಸ್ಟರಾಲುಗಳ ಮಾತು ಬರುವುದು ವಾಡಿಕೆ. ಇಂದು ನಾವು ಆರಿಸಿಕೊಂಡಿರುವುದು ನಮ್ಮೆಲ್ಲರ ಕಾರಿನ ಹೊಟ್ಟೆಯ ಕೆಳಗೆ ಮರೆಯಾಗಿ ಕುಳಿತಿರುವ ಒಂದು ಲೋಹದ ಡಬ್ಬಿಯ ಚರಿತ್ರೆಯನ್ನು. ಅದೇ ಕ್ಯಾಟಲಿಟಿಕ್ ಕನ್ವರ್ಟರ್. ಶಾಲೆಯ ರಸಾಯನಶಾಸ್ತ್ರದಲ್ಲಿ ವೇಗವರ್ಧಕವೆಂದು ನಾವು ಓದಿದ ವಸ್ತುವೇ ಅದರ ಒಳಗಿರುವುದು. ತಾನು ವ್ಯಯವಾಗದೆ ಇತರ ವಸ್ತುಗಳ ಕ್ರಿಯೆಯನ್ನು ಚುರುಕುಗೊಳಿಸುವುದು ಅದರ ಗುಣ. ಹೊಗೆ ತಪಾಸಣೆಗೆ ಕಾರನ್ನು ಕೊಂಡೊಯ್ಯುವ ದಿನ ಗೊಣಗದವರು ನಮ್ಮಲ್ಲಿ ವಿರಳ. ಆದರೆ ಆ ತಪಾಸಣೆಯ ಹಿಂದೆ ಎಂಬತ್ತು ವರ್ಷಗಳ ಕಥೆಯಿದೆ. ಅದು ಯಂತ್ರದ ಕಥೆ ಎನ್ನುವುದಕ್ಕಿಂತ ಮನುಷ್ಯಸ್ವಭಾವದ ಕಥೆ ಎನ್ನುವುದೇ ಹೆಚ್ಚು ಸರಿಯೆಂದು ನಮಗೆ ತೋರುತ್ತದೆ.

1943ರ ಜುಲೈ 26ರಂದು ಲಾಸ್ ಏಂಜಲಿಸ್ ನಗರವನ್ನು ಕಂದುಬಣ್ಣದ ಮಬ್ಬೊಂದು ಕವಿಯಿತು. ಜನರ ಕಣ್ಣು ಉರಿದು ನೀರು ಸುರಿಯಿತು, ಗಂಟಲು ಕೆರೆಯಿತು. ಅದು ಮಹಾಯುದ್ಧದ ಕಾಲ. ಜಪಾನೀಯರು ವಿಷಾನಿಲ ಪ್ರಯೋಗಿಸಿದರೋ ಎಂದು ಹಲವರು ಶಂಕಿಸಿದರು. ಬಳಿಕ ಕೃತಕ ರಬ್ಬರಿಗೆ ಬೇಕಾದ ಬ್ಯುಟಡೈಯೀನ್ ತಯಾರಿಸುತ್ತಿದ್ದ ಕಾರ್ಖಾನೆಯೊಂದರ ಮೇಲೆ ದೋಷ ಹೊರಿಸಿ ಅದನ್ನು ಮುಚ್ಚಿಸಿದರೂ ಮಬ್ಬು ಕರಗಲಿಲ್ಲ. ಉತ್ತರ ದೊರೆತದ್ದು 1950ರ ದಶಕದ ಆರಂಭದಲ್ಲಿ. ಹಾಲೆಂಡ್ ಮೂಲದ ಆರೀ ಹಾಗೆನ್-ಸ್ಮಿಟ್ ಎಂಬ ಜೀವರಸಾಯನ ವಿಜ್ಞಾನಿ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಅನಾನಸ್ ಹಣ್ಣಿನ ಪರಿಮಳದ ಮೇಲೆ ಸಂಶೋಧನೆ ನಡೆಸಿದ್ದವರು. ಅದೇ ಕೌಶಲದಿಂದ ಅವರು ನಗರದ ಗಾಳಿಯನ್ನು ಪರೀಕ್ಷಿಸಿದರು. ಕಾರುಗಳೂ ತೈಲಾಗಾರಗಳೂ ಹೊರಬಿಡುವ ಹೈಡ್ರೋಕಾರ್ಬನ್‌ಗಳು ನೈಟ್ರೋಜನ್ ಆಕ್ಸೈಡುಗಳೊಡನೆ ಬಿಸಿಲಿನಲ್ಲಿ ಬೆರೆತು ಓಝೋನ್ ಮೊದಲಾದ ಉರಿಬರಿಸುವ ಅನಿಲಗಳಾಗುತ್ತವೆಂದು ತೋರಿಸಿಕೊಟ್ಟರು. ಶತ್ರು ಸಮುದ್ರದಾಚೆಯಿಂದ ಬಂದಿರಲಿಲ್ಲ. ಪ್ರತಿಯೊಬ್ಬರ ಮನೆಯ ಮುಂದೆಯೇ ನಿಂತಿದ್ದ.

ಈ ಹೊಗೆಗೆ ಮದ್ದು ಹುಡುಕಿದವರಲ್ಲಿ ಫ್ರಾನ್ಸ್ ಮೂಲದ ಎಂಜಿನಿಯರ್ ಯೂಜೀನ್ ಹೂಡ್ರಿ ಪ್ರಮುಖರು. ವೇಗವರ್ಧಕದ ನೆರವಿನಿಂದ ಕಚ್ಚಾ ತೈಲವನ್ನು ಪೆಟ್ರೋಲಾಗಿ ಮಾರ್ಪಡಿಸುವ ವಿಧಾನಕ್ಕೆ ಅವರು ಹೆಸರಾಗಿದ್ದರು. ಕಾರಿನ ಹೊಗೆಯನ್ನು ಶುದ್ಧಗೊಳಿಸುವ ಸಾಧನಕ್ಕೆ 1956ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಆದರೆ ಅದು ರಸ್ತೆಗಿಳಿಯಲಿಲ್ಲ. ಪೆಟ್ರೋಲಿನಲ್ಲಿದ್ದ ಸೀಸ ವೇಗವರ್ಧಕದ ಮೇಲ್ಮೈಯನ್ನು ಮುಚ್ಚಿ ಅದನ್ನು ನಿಷ್ಕ್ರಿಯಗೊಳಿಸುತ್ತಿತ್ತು. ತಮ್ಮ ಸಾಧನ ಕಾರುಗಳಿಗೆ ಬಂದುದನ್ನು ನೋಡದೆಯೇ ಹೂಡ್ರಿ 1962ರಲ್ಲಿ ತೀರಿಕೊಂಡರು.

ಪೆಟ್ರೋಲಿಗೆ ಸೀಸ ಬಂದದ್ದಾದರೂ ಹೇಗೆ? 1921ರಲ್ಲಿ ಜನರಲ್ ಮೋಟರ್ಸಿನ ಪ್ರಯೋಗಾಲಯದಲ್ಲಿ ಥಾಮಸ್ ಮಿಡ್ಜ್ಲಿ ಎಂಬವರು, ಟೆಟ್ರಾಈಥೈಲ್ ಲೆಡ್ ಬೆರೆಸಿದರೆ ಎಂಜಿನ್ನಿನ ಬಡಿತ ನಿಲ್ಲುತ್ತದೆಂದು ಕಂಡುಕೊಂಡರು. 1923ರಲ್ಲಿ ಮಾರಾಟ ಆರಂಭವಾಯಿತು. ಮರುವರ್ಷವೇ ನ್ಯೂಜೆರ್ಸಿಯ ಬೇವೇ ತೈಲಾಗಾರದಲ್ಲಿ ಆ ವಸ್ತುವನ್ನು ತಯಾರಿಸುತ್ತಿದ್ದ ಐವರು ಕಾರ್ಮಿಕರು ಬುದ್ಧಿಭ್ರಮಣೆಗೊಳಗಾಗಿ ಸತ್ತರು. 1925ರಲ್ಲಿ ಸರ್ಜನ್ ಜನರಲ್ ಸಭೆ ಕರೆದರು. ಮಾರಾಟ ಕೆಲಕಾಲ ನಿಂತು 1926ರಲ್ಲಿ ಮತ್ತೆ ಮುಂದುವರಿಯಿತು. ಸೀಸ ನರಮಂಡಲಕ್ಕೆ ವಿಷವೆಂದು ಪ್ರಾಚೀನ ರೋಮಿನವರೂ ಬಲ್ಲರು. ಆದರೂ ಅರ್ಧ ಶತಮಾನದ ಕಾಲ ಜಗತ್ತಿನ ಬೀದಿಗಳಲ್ಲಿ ಅದನ್ನು ಹೊಗೆಯಾಗಿಸಿ ಚೆಲ್ಲಿದೆವು.

1970ರ ಡಿಸೆಂಬರ್ 31ರಂದು ಅಧ್ಯಕ್ಷ ನಿಕ್ಸನ್ ಶುದ್ಧವಾಯು ಕಾಯಿದೆಗೆ ಸಹಿ ಹಾಕಿದರು. 1975ರ ಮಾದರಿಯ ಕಾರುಗಳಿಂದ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್‌ಗಳನ್ನು ಶೇಕಡಾ 90ರಷ್ಟು ಇಳಿಸಬೇಕೆಂಬುದು ಅದರ ಆದೇಶ. ತಯಾರಕರು ಅಸಾಧ್ಯವೆಂದರು, ಗಡುವೂ ಸ್ವಲ್ಪ ಮುಂದೆ ಹೋಯಿತು. ಆದರೂ 1975ರ ಬಹುಪಾಲು ಅಮೆರಿಕನ್ ಕಾರುಗಳು ಕನ್ವರ್ಟರ್ ತೊಟ್ಟೇ ಹೊರಬಂದವು. ಜೇನುಗೂಡಿನಂಥ ಸಣ್ಣ ಸಣ್ಣ ರಂಧ್ರಗಳ ಪಿಂಗಾಣಿ ತಿರುಳು, ಅದರ ಮೇಲೆ ಕೆಲವೇ ಗ್ರಾಂ ಪ್ಲಾಟಿನಮ್ ಮತ್ತು ಪಲ್ಲಾಡಿಯಮ್: ಇಷ್ಟೇ ಅದರ ಶರೀರ. ಬಿಸಿಯೇರಿದಾಗ ಅದು ಕಾರ್ಬನ್ ಮೊನಾಕ್ಸೈಡನ್ನು ಕಾರ್ಬನ್ ಡೈಆಕ್ಸೈಡಾಗಿಯೂ ಹೈಡ್ರೋಕಾರ್ಬನ್ನನ್ನು ನೀರು ಮತ್ತು ಕಾರ್ಬನ್ ಡೈಆಕ್ಸೈಡಾಗಿಯೂ ಮಾರ್ಪಡಿಸುತ್ತದೆ. ಮುಂದೆ ರೋಡಿಯಮ್ ಸೇರಿಕೊಂಡು ನೈಟ್ರೋಜನ್ ಆಕ್ಸೈಡುಗಳನ್ನೂ ಒಡೆಯುವ ತ್ರಿಮುಖ ಕನ್ವರ್ಟರ್ ಬಂದಿತು. ಆಮ್ಲಜನಕವನ್ನು ಅಳೆಯುವ ಸಂವೇದಕದೊಡನೆ ಅದನ್ನು ಅಳವಡಿಸಿದ ವೋಲ್ವೋ ಕಾರು 1977ರ ಮಾದರಿಯಾಗಿ ಕ್ಯಾಲಿಫೋರ್ನಿಯಾದಲ್ಲಿ ಮಾರಾಟವಾಯಿತು.

ಇಲ್ಲಿ ಚರಿತ್ರೆಯ ಒಂದು ವ್ಯಂಗ್ಯವನ್ನು ಗಮನಿಸಬೇಕು. 1974ರ ಜುಲೈನಿಂದ ದೊಡ್ಡ ಪೆಟ್ರೋಲ್ ಬಂಕುಗಳೆಲ್ಲ ಸೀಸರಹಿತ ಪೆಟ್ರೋಲನ್ನು ಇಡಲೇಬೇಕೆಂದು ಸರ್ಕಾರ ವಿಧಿಸಿದ್ದು ಮಕ್ಕಳ ಮಿದುಳನ್ನು ಕಾಪಾಡಲೆಂದಲ್ಲ, ಕನ್ವರ್ಟರನ್ನು ಕಾಪಾಡಲೆಂದು. ಯಂತ್ರದ ಆರೋಗ್ಯಕ್ಕಾಗಿ ತೆಗೆದ ವಿಷ ಮನುಷ್ಯರ ಆರೋಗ್ಯವನ್ನೂ ಉಳಿಸಿತು. 1976ರ ಆರಂಭದಿಂದ 1980ರ ಆರಂಭದವರೆಗೆ ಅಮೆರಿಕನ್ನರ ರಕ್ತದಲ್ಲಿನ ಸೀಸದ ಸರಾಸರಿ ಒಂದು ಡೆಸಿಲೀಟರಿಗೆ 14.6 ಮೈಕ್ರೋಗ್ರಾಮಿನಿಂದ 9.2ಕ್ಕೆ ಇಳಿಯಿತೆಂದು 1983ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ತಿಳಿಸಿತು. ಪೆಟ್ರೋಲಿಗೆ ಬೆರೆಸುವ ಸೀಸ ಇಳಿದಂತೆಲ್ಲ ರಕ್ತದ ಸೀಸವೂ ಅದರ ನೆರಳಿನಂತೆ ಇಳಿಯಿತು. ಇದಕ್ಕೆ ನಾಲ್ಕು ವರ್ಷ ಮೊದಲು, 1979ರಲ್ಲಿ, ಡಾಕ್ಟರ್ ಹರ್ಬರ್ಟ್ ನೀಡಲ್‌ಮನ್ ಮ್ಯಾಸಚೂಸೆಟ್ಸಿನ ಶಾಲಾಮಕ್ಕಳ ಉದುರಿದ ಹಾಲುಹಲ್ಲುಗಳನ್ನು ಸಂಗ್ರಹಿಸಿ ಪರೀಕ್ಷಿಸಿದ್ದರು. ಹಲ್ಲಿನಲ್ಲಿ ಸೀಸ ಹೆಚ್ಚಿದ್ದ ಮಕ್ಕಳು ಬುದ್ಧಿಪರೀಕ್ಷೆಯಲ್ಲಿಯೂ ತರಗತಿಯ ಏಕಾಗ್ರತೆಯಲ್ಲಿಯೂ ಹಿಂದುಳಿದಿದ್ದರು. ಹೊರನೋಟಕ್ಕೆ ಆ ಮಕ್ಕಳಿಗೆ ಯಾವ ಕಾಯಿಲೆಯೂ ಇರಲಿಲ್ಲ.

ಇದೇ ವರ್ಷಗಳಲ್ಲಿ ಜನ ಕನ್ವರ್ಟರನ್ನು ಕಿತ್ತೆಸೆಯತೊಡಗಿದರು. ಸೀಸದ ಪೆಟ್ರೋಲ್ ಗ್ಯಾಲನ್ನಿಗೆ ಕೆಲವು ಸೆಂಟು ಅಗ್ಗವಾಗಿತ್ತು. ತೈಲದ ಅಭಾವದ ದಿನಗಳಲ್ಲಿ ಆ ಸೆಂಟುಗಳಿಗೂ ಬೆಲೆಯಿತ್ತು. ಸೀಸದ ಪಂಪಿನ ದಪ್ಪ ನಳಿಕೆ ಹೊಸ ಕಾರುಗಳ ಟ್ಯಾಂಕಿನೊಳಗೆ ಹೋಗದಂತೆ ಬಾಯಿಯನ್ನು ಕಿರಿದಾಗಿಸಿದ್ದರು. ಜನ ಆ ಬಾಯಿಯನ್ನೇ ಅಗಲಿಸಿದರು. ಒಂದೆರಡು ಟ್ಯಾಂಕ್ ಸೀಸದ ಪೆಟ್ರೋಲ್ ಕುಡಿಸಿದರೆ ಕನ್ವರ್ಟರ್ ಹಾಳಾಗತೊಡಗುತ್ತಿತ್ತು. ಅದರಿಂದ ಎಂಜಿನ್ನಿನ ಉಸಿರು ಕಟ್ಟುತ್ತದೆ, ಮೈಲೇಜ್ ಕುಸಿಯುತ್ತದೆ ಎಂಬ ನಂಬಿಕೆ ಬೇರೆ ಹಬ್ಬಿತ್ತು. ಕೊಳೆತ ಮೊಟ್ಟೆಯ ವಾಸನೆ ಆ ನಂಬಿಕೆಗೆ ಪುಷ್ಟಿ ಕೊಟ್ಟಿತು. ಕನ್ವರ್ಟರಿನ ಜಾಗದಲ್ಲಿ ಕೂರಿಸಲು ನೇರ ಕೊಳವೆಯನ್ನು ‘ಪರೀಕ್ಷಾ ಕೊಳವೆ’ ಎಂಬ ಸಭ್ಯ ಹೆಸರಿನಲ್ಲಿ ಅಂಗಡಿಗಳು ಮಾರುತ್ತಿದ್ದವು. ವಾಸ್ತವದಲ್ಲಿ 1975ರ ಕಾರುಗಳ ಸರಾಸರಿ ಮೈಲೇಜ್ ಹಿಂದಿನ ವರ್ಷದ್ದಕ್ಕಿಂತ ಉತ್ತಮವಾಗಿತ್ತು. ಹೊಗೆ ತೊಳೆಯುವ ಕೆಲಸವನ್ನು ಕನ್ವರ್ಟರ್ ವಹಿಸಿಕೊಂಡದ್ದರಿಂದ ಎಂಜಿನ್ನನ್ನು ಮತ್ತೆ ಚೆನ್ನಾಗಿ ಹದಗೊಳಿಸಲು ಸಾಧ್ಯವಾಗಿತ್ತು.

ಕಿತ್ತವರು ದುಷ್ಟರೆಂದು ನಾವು ಹೇಳುವುದಿಲ್ಲ. ಸಂಸಾರ ತೂಗಿಸುತ್ತಿದ್ದ ಸಾಮಾನ್ಯ ತಂದೆತಾಯಂದಿರೇ ಅವರಲ್ಲಿ ಹೆಚ್ಚಿದ್ದಿರಬೇಕು. ಆದರೆ ಉಳಿತಾಯ ಅವರ ಜೇಬಿಗೆ ಬಿದ್ದರೆ ಹೊಗೆ ಹೆದ್ದಾರಿಯ ಪಕ್ಕದ ಮನೆಗಳ ತೊಟ್ಟಿಲಿಗೆ ಹೋಯಿತು. ಸಾರ್ವಜನಿಕ ಆರೋಗ್ಯದ ಕಷ್ಟವಿರುವುದೇ ಇಲ್ಲಿ: ಲಾಭ ಪಡೆದವನಿಗೆ ನಷ್ಟ ಹೊತ್ತವನ ಮುಖ ಕಾಣುವುದಿಲ್ಲ.

ಕಾನೂನು ಒಂದೊಂದೇ ಹೆಜ್ಜೆಯಾಗಿ ಬೆನ್ನಟ್ಟಿತು. 1970ರ ಕಾಯಿದೆ ತಯಾರಕರನ್ನೂ ಮಾರಾಟಗಾರರನ್ನೂ ಮಾತ್ರ ತಡೆದಿತ್ತು. 1977ರ ತಿದ್ದುಪಡಿ ರಿಪೇರಿ ಅಂಗಡಿಗಳವರನ್ನೂ ಸೇರಿಸಿತು. 1990ರ ತಿದ್ದುಪಡಿ ಯಾರೇ ಆಗಲಿ, ತಮ್ಮ ಕಾರಿನದನ್ನು ತಾವೇ ಕಿತ್ತರೂ ತಪ್ಪೆಂದಿತು. ಹೊಗೆಯ ಕಡ್ಡಾಯ ತಪಾಸಣೆ ನ್ಯೂಜೆರ್ಸಿಯಲ್ಲಿ 1974ರಲ್ಲಿಯೇ ಬಂದಿತ್ತು. ಕ್ಯಾಲಿಫೋರ್ನಿಯಾದ ಸ್ಮಾಗ್ ಚೆಕ್ 1984ರಲ್ಲಿ ಆರಂಭವಾಯಿತು. ಬಾಲಕೊಳವೆಗೆ ಕಡ್ಡಿ ತೂರಿಸಿ ಅನಿಲವನ್ನು ಅಳೆದರು. ಕೆಳಗೆ ಬಗ್ಗಿ ಕನ್ವರ್ಟರ್ ಇದೆಯೇ ಎಂದು ನೋಡಿದರು. ಸೀಸ ತಗುಲಿದರೆ ಬಣ್ಣ ಬದಲಿಸುವ ಕಾಗದದಿಂದ ಕೊಳವೆಯೊಳಗನ್ನು ಒರೆಸಿಯೂ ಪರೀಕ್ಷಿಸಿದರು. ನಮ್ಮ ಗಾದೆಯಂತೆ, ಒಬ್ಬ ಚಾಪೆಯ ಕೆಳಗೆ ತೂರಿದರೆ ಇನ್ನೊಬ್ಬ ರಂಗೋಲಿಯ ಕೆಳಗೆ ತೂರಿದ. ಹೊರಗಿನ ಡಬ್ಬಿಯನ್ನು ಉಳಿಸಿ ಒಳಗಿನ ತಿರುಳನ್ನು ಒಡೆದು ತೆಗೆದವರುಂಟು. ಒಂದು ಕಾರಿನ ಹೆಸರಿನಲ್ಲಿ ಇನ್ನೊಂದು ಕಾರಿನ ಹೊಗೆಯನ್ನು ಅಳೆದುಕೊಟ್ಟ ತಪಾಸಕರುಂಟು. ಕೊನೆಗೆ 1986ರ ಜನವರಿಯಿಂದ ಸೀಸವನ್ನು ಗ್ಯಾಲನ್ನಿಗೆ 0.1 ಗ್ರಾಮಿಗೆ ಇಳಿಸಲಾಯಿತು. 1996ರ ಜನವರಿ 1ರಿಂದ ರಸ್ತೆ ವಾಹನಗಳಿಗೆ ಅದರ ಮಾರಾಟವೇ ನಿಷಿದ್ಧವಾಯಿತು. ಅಗ್ಗದ ಪ್ರಲೋಭನೆಯನ್ನೇ ತೆಗೆದುಹಾಕಿದ್ದು ಎಷ್ಟೋ ತಪಾಸಣೆಗಳಿಗಿಂತ ಹೆಚ್ಚು ಫಲ ಕೊಟ್ಟಿತು.

1996ರ ಮಾದರಿಯಿಂದ ಎಲ್ಲ ಹೊಸ ಕಾರುಗಳಲ್ಲಿ ಒಬಿಡಿ-2 ಎಂಬ ಸ್ವಯಂ ತಪಾಸಣೆಯ ವ್ಯವಸ್ಥೆ ಬಂದಿತು. ಕನ್ವರ್ಟರಿನ ಹಿಂದೆ ಎರಡನೆಯ ಆಮ್ಲಜನಕ ಸಂವೇದಕವಿದ್ದು, ಮುಂದಿನದರ ಏರಿಳಿತವೇ ಹಿಂದಿನದರಲ್ಲಿಯೂ ಕಂಡರೆ ಕನ್ವರ್ಟರ್ ಕೆಲಸ ಮಾಡುತ್ತಿಲ್ಲವೆಂದು ತಿಳಿದು ಎಚ್ಚರಿಕೆಯ ದೀಪ ಉರಿಯುತ್ತದೆ. ಇದನ್ನು ನಮ್ಮ ವೃತ್ತಿಯ ಹೋಲಿಕೆಯಿಂದ ವಿವರಿಸಬಹುದು. ರಕ್ತಪರೀಕ್ಷೆಗೆ ಮೂರು ದಿನ ಮೊದಲು ಸಿಹಿ ಬಿಟ್ಟು, ಸಕ್ಕರೆಯ ಅಂಶ ಸರಿಯಾಗಿದೆಯೆಂದು ವೈದ್ಯರಿಂದ ಶಭಾಷ್ ಪಡೆಯುವ ಹಿರಿಯರನ್ನು ನಾವೆಲ್ಲ ಬಲ್ಲೆವು. ಕಳೆದ ಎರಡು ಮೂರು ತಿಂಗಳ ಲೆಕ್ಕವನ್ನು ಒಮ್ಮೆಲೇ ಒಪ್ಪಿಸುವ ಹಿಮೋಗ್ಲೋಬಿನ್ ಎ1ಸಿ ಪರೀಕ್ಷೆ ಬಂದ ಮೇಲೆ ಆ ಉಪಾಯ ನಡೆಯದು. ಒಬಿಡಿ-2 ಕಾರಿನ ಎ1ಸಿ ಇದ್ದಂತೆ. ತಪಾಸಣೆಯ ಮುನ್ನಾದಿನ ದೋಷಸಂಕೇತಗಳನ್ನು ಅಳಿಸಿ ಬಂದರೆ ಗಣಕ ‘ಇನ್ನೂ ಸಿದ್ಧವಿಲ್ಲ’ ಎಂದು ಸಾಕ್ಷಿ ಹೇಳುತ್ತದೆ. ಕಾರನ್ನು ಹಿಂದಕ್ಕೆ ಕಳುಹಿಸುತ್ತಾರೆ.

ಆದರೆ ಪರೀಕ್ಷೆಯನ್ನು ಮಾತ್ರ ಗೆಲ್ಲುವ ಆಸೆ ಬಡವನ ಗ್ಯಾರೇಜಿಗೇ ಸೀಮಿತವಲ್ಲ. 2015ರ ಸೆಪ್ಟೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಸಂಸ್ಥೆಯ ಡೀಸೆಲ್ ಕಾರುಗಳಲ್ಲಿ, ಪರೀಕ್ಷೆ ನಡೆಯುತ್ತಿದೆಯೆಂದು ಗುರುತಿಸಿ ಆಗ ಮಾತ್ರ ಶುದ್ಧವಾಗಿ ವರ್ತಿಸುವ ತಂತ್ರಾಂಶ ಅಡಗಿದೆಯೆಂದು ಅಮೆರಿಕ ಸರ್ಕಾರ ಬಯಲುಮಾಡಿತು. ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ಕಾರುಗಳಲ್ಲಿ ಆ ಮೋಸವಿತ್ತು. ಅದರ ಮೊದಲ ಸುಳಿವು ಸಿಕ್ಕಿದ್ದು ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಣ್ಣ ತಂಡವೊಂದಕ್ಕೆ. ಅವರು ಮಾಪಕವನ್ನು ಕಾರಿನಲ್ಲಿಯೇ ಹೊತ್ತು ನಿಜವಾದ ರಸ್ತೆಗಳಲ್ಲಿ ಓಡಿಸಿ ನೋಡಿದ್ದರು. ಆ ತಂಡದಲ್ಲಿ ಬೆಂಗಳೂರಿನಿಂದ ಬಂದ ಸಂಶೋಧಕರೊಬ್ಬರಿದ್ದರೆಂಬುದು ನಮ್ಮ ಕೂಟಕ್ಕೆ ಹೆಮ್ಮೆಯ ಸಂಗತಿ.

ನಮ್ಮ ತಾಯ್ನಾಡಿನಲ್ಲಿ 1995ರ ಏಪ್ರಿಲ್ 1ರಿಂದ ದೆಹಲಿ, ಮುಂಬಯಿ, ಕಲ್ಕತ್ತಾ, ಮದ್ರಾಸುಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾಯಿತು. ಬೆಂಗಳೂರು ಆ ನಾಲ್ಕರಲ್ಲಿ ಇರಲಿಲ್ಲ. 1999ರ ಫೆಬ್ರವರಿಯಲ್ಲಿ ಸೀಸದ ವಿಷಬಾಧೆಯ ಕುರಿತ ಅಂತರರಾಷ್ಟ್ರೀಯ ಸಮ್ಮೇಳನ ಬೆಂಗಳೂರಿನಲ್ಲಿಯೇ ಜರುಗಿತು. ಅದನ್ನು ಏರ್ಪಡಿಸಿದ ಜಾರ್ಜ್ ಫೌಂಡೇಷನ್ ದೇಶದ ಮಹಾನಗರಗಳಲ್ಲಿ ನಡೆಸಿದ ರಕ್ತಪರೀಕ್ಷೆಗಳಲ್ಲಿ ಹನ್ನೆರಡು ವರ್ಷದೊಳಗಿನ ಮಕ್ಕಳ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಅಥವಾ ಅದಕ್ಕೂ ಮೀರಿ ಸೀಸವಿತ್ತು. 2000ದ ಫೆಬ್ರವರಿ 1ರಿಂದ ಭಾರತದಾದ್ಯಂತ ಸೀಸರಹಿತ ಪೆಟ್ರೋಲ್ ಬಂದಿತು. ಕಟ್ಟಕಡೆಗೆ 2021ರಲ್ಲಿ ಅಲ್ಜೀರಿಯಾ ಸೀಸದ ಪೆಟ್ರೋಲ್ ಮಾರಾಟ ನಿಲ್ಲಿಸಿದಾಗ ಕಾರುಗಳಿಗೆ ಅದನ್ನು ಮಾರುವ ದೇಶ ಜಗತ್ತಿನಲ್ಲಿ ಉಳಿಯಲಿಲ್ಲ.

ಇಂದು ಕನ್ವರ್ಟರನ್ನು ಕೀಳುವವರು ಮುಖ್ಯವಾಗಿ ಎರಡು ಬಗೆಯವರು. ಒಬ್ಬ ಕಳ್ಳ. 2021ರಲ್ಲಿ ರೋಡಿಯಮ್ ಬೆಲೆ ಔನ್ಸಿಗೆ 25 ಸಾವಿರ ಡಾಲರನ್ನು ದಾಟಿದಾಗ ರಾತ್ರೋರಾತ್ರಿ ಕನ್ವರ್ಟರುಗಳನ್ನು ಗರಗಸದಿಂದ ಕೊಯ್ದು ಒಯ್ದದ್ದನ್ನು ನಿಮ್ಮಲ್ಲಿ ಕೆಲವರು ಅನುಭವಿಸಿಯೇ ಇರಬಹುದು. ಇನ್ನೊಬ್ಬ ನಮ್ಮ ಮನೆಯ ಹದಿಹರೆಯದ ಮಗನೇ ಆಗಿರಬಹುದು. ಎಂಜಿನ್ನು ಗುಡುಗಲಿ, ವೇಗ ಹೆಚ್ಚಲಿ ಎಂಬುದು ಅವನ ಆಸೆ. ಅವನಿಗೆ ದಂಡದ ಭಯಕ್ಕಿಂತ ನೀಡಲ್‌ಮನ್ನರ ಹಾಲುಹಲ್ಲುಗಳ ಕಥೆಯನ್ನು ಹೇಳುವುದು ಮೇಲು. ಎಚ್ಚರಿಕೆಯ ದೀಪ ಉರಿದರೆ ಗಾಬರಿ ಬೇಡ. 1995ರ ಮಾದರಿಯಿಂದೀಚೆಗೆ ಕಾರುಗಳ ಕನ್ವರ್ಟರಿಗೆ ಎಂಟು ವರ್ಷ ಅಥವಾ 80,000 ಮೈಲಿಗಳ ಖಾತರಿಯನ್ನು ಕೇಂದ್ರ ನಿಯಮಗಳೇ ಕೊಟ್ಟಿವೆ. ಹಣ ಕೊಡುವ ಮೊದಲು ಅದನ್ನು ಕೇಳಿ ಪಡೆಯಿರಿ.

ಕೊನೆಯದಾಗಿ ಒಂದು ಲೆಕ್ಕ. ಅಮೆರಿಕದಲ್ಲಿ ವಾಹನಗಳ ಕಾರ್ಬನ್ ಮೊನಾಕ್ಸೈಡಿನಿಂದ ಆಕಸ್ಮಿಕವಾಗಿ ಸಾಯುವವರ ಪ್ರಮಾಣ 1975ರಲ್ಲಿ ವರ್ಷಕ್ಕೆ ಹತ್ತು ಲಕ್ಷ ಜನರಿಗೆ 4.0 ಇತ್ತು. 1996ರಲ್ಲಿ ಅದು 0.9ಕ್ಕೆ ಇಳಿದಿತ್ತೆಂದು 2002ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ವರದಿಯಾಯಿತು. ಮುಚ್ಚಿದ ಗ್ಯಾರೇಜಿನಲ್ಲಿ ಚಳಿಗೆ ಎಂಜಿನ್ ಬಿಸಿಮಾಡುತ್ತ ಕುಳಿತಿದ್ದು ಬದುಕಿ ಒಳಗೆ ಬಂದವರಿಗೆ, ತಾವು ಬದುಕಿದ್ದು ಯಾವುದರಿಂದ ಎಂದು ಗೊತ್ತೇ ಇರುವುದಿಲ್ಲ. ವೈದ್ಯನೊಬ್ಬ ಆಯುಷ್ಯವಿಡೀ ದುಡಿದರೂ ಅಷ್ಟು ಜೀವ ಉಳಿಸಲಾರ. ಮುಂದಿನ ಸಲ ತಪಾಸಣೆಯ ಸಾಲಿನಲ್ಲಿ ಕಾಯುವಾಗ ಆ ಅರ್ಧ ಗಂಟೆಯನ್ನು ಗೊಣಗದೆ ಕೊಡೋಣ. ಅದು ನಾವು ಎಂದೂ ಕಾಣದ ನೆರೆಮನೆಯ ಕೂಸಿಗೆ ಸಲ್ಲುವ ಋಣ.