ಗಣಿಗಾಗಿ ಜಾಗ ಬಿಟ್ಟ ಊರು: ಕಿರುನಾದ ಕಥೆ

2025ರ ಆಗಸ್ಟ್ 19ರಂದು ಸ್ವೀಡನ್ ದೇಶದ ಕಿರುನಾ ಊರಿನಲ್ಲಿ ಒಂದು ಚರ್ಚ್ ರಸ್ತೆಗಿಳಿಯಿತು. ಸುಮಾರು 670 ಟನ್ ತೂಕದ ಮರದ ಕಟ್ಟಡ. ಅದನ್ನು ಬಿಚ್ಚದೆ, ಇಡಿಯಾಗಿ ಗಾಲಿಗಳ ಮೇಲೆ ಕೂರಿಸಿ, ಎರಡು ದಿನ ಮೆಲ್ಲಗೆ ಸಾಗಿಸಿ 5 ಕಿ.ಮೀ. ದೂರದ ಹೊಸ ಜಾಗಕ್ಕೆ ಮುಟ್ಟಿಸಿದರು. ಯಾಕೆಂದರೆ ಹಳೆಯ ಊರಿನ ನೆಲ ಕುಸಿಯುತ್ತಿದೆ.

ಕಿರುನಾ ಇರುವುದು ಆರ್ಕ್ಟಿಕ್ ವೃತ್ತದಿಂದಲೂ ಸುಮಾರು 145 ಕಿ.ಮೀ. ಉತ್ತರಕ್ಕೆ. ಚಳಿಗಾಲದಲ್ಲಿ ಅಲ್ಲಿ ಕೆಲವು ವಾರ ಸೂರ್ಯ ಹುಟ್ಟುವುದೇ ಇಲ್ಲ. ಊರು ಕಟ್ಟುವ ಮೊದಲು ಅದು ಸಾಮಿ ಜನ ಹಿಮಸಾರಂಗ ಮೇಯಿಸುತ್ತಿದ್ದ ನೆಲ. ಊರಿನ ಹೆಸರು ಕೂಡ ಅವರ ಭಾಷೆಯದೇ. 'ಗಿರೊನ್' ಎಂದರೆ ಹಿಮನಾಡಿನ ಒಂದು ಬಿಳಿ ಹಕ್ಕಿ.

1890ರಲ್ಲಿ ಎಲ್‌ಕೆಎಬಿ ಎಂಬ ಗಣಿ ಕಂಪನಿ ಹುಟ್ಟಿತು. 1900ರಲ್ಲಿ ಕಬ್ಬಿಣದ ಅದಿರಿಗಾಗಿಯೇ ಊರು ಎದ್ದಿತು. 1912ರಲ್ಲಿ ಸಾಮಿ ಗುಡಿಸಲಿನ ಆಕಾರದಲ್ಲಿ ಈ ಚರ್ಚ್ ಕಟ್ಟಿದರು.

ಅದಿರಿನ ಪದರ ಓರೆಯಾಗಿ ಊರಿನ ಅಡಿಗೆ ಇಳಿದಿದೆ. ಆಳಕ್ಕೆ ಅಗೆದಷ್ಟೂ ಮೇಲಿನ ನೆಲ ಬಿರುಕು ಬಿಡುತ್ತದೆ. ಗಣಿ ನಿಂತರೆ ಊರಿಗೆ ಅನ್ನವಿಲ್ಲ, ನಡೆದರೆ ಊರಿಗೆ ನೆಲವಿಲ್ಲ. ಕೊನೆಗೆ 2004ರಲ್ಲಿ ಊರನ್ನೇ ಸರಿಸಬೇಕೆಂದು ಪ್ರಕಟಿಸಿದರು.

ಸ್ವೀಡನ್ ಕಾನೂನಿನಂತೆ ಖರ್ಚೆಲ್ಲ ಗಣಿ ಕಂಪನಿಯದು. ಕಂಪನಿ ಈಗ ಸರ್ಕಾರದ್ದೇ. ಸ್ವಂತ ಮನೆಯವರಿಗೆ ಎರಡು ಆಯ್ಕೆ ಕೊಟ್ಟರು: ಮಾರುಕಟ್ಟೆ ಬೆಲೆಯ ಮೇಲೆ ಶೇ. 25ರಷ್ಟು ಹೆಚ್ಚು ಹಣ, ಇಲ್ಲವೇ ಹೊಸ ಮನೆ. 2018ರಲ್ಲಿ ಹೊಸ ಪುರಸಭೆ ಕಟ್ಟಡ, 2022ರಲ್ಲಿ ಹೊಸ ಪೇಟೆ ತೆರೆದವು.

ಹಾಗಾದರೆ ಇದು ಸುಸ್ಥಿರ ಅಭಿವೃದ್ಧಿಯೇ? ಮನೆ ಕಳೆದುಕೊಂಡವರಿಗೆ ಮನೆ ಸಿಕ್ಕಿದೆ, ನಿಜ. ಆದರೆ ಮೇವಿನ ನೆಲ ಕಳೆದುಕೊಂಡವರ ಲೆಕ್ಕ ಬೇರೆ.

2023ರ ಜನವರಿಯಲ್ಲಿ ಕಂಪನಿ ಇನ್ನೊಂದು ಸುದ್ದಿ ಕೊಟ್ಟಿತು. ಕಿರುನಾ ಪಕ್ಕದಲ್ಲೇ 10 ಲಕ್ಷ ಟನ್‌ಗೂ ಹೆಚ್ಚು ವಿರಳ ಖನಿಜವಿದೆಯಂತೆ. ವಿದ್ಯುತ್ ಕಾರಿನ ಮೋಟಾರಿಗೆ, ಗಾಳಿಯಂತ್ರಕ್ಕೆ ಬೇಕಾದ ಸರಕು ಅದು. ಪರಿಸರ ಉಳಿಸಲು ಇದು ಬೇಕು ಎನ್ನುತ್ತಾರೆ. ಅಲ್ಲೂ ಗಣಿ ಬಂದರೆ ನಮ್ಮ ಹಿಮಸಾರಂಗಗಳು ಬೇಸಿಗೆಯ ಬೆಟ್ಟಕ್ಕೂ ಚಳಿಗಾಲದ ಕಾಡಿಗೂ ಓಡಾಡುವ ದಾರಿ ತುಂಡಾಗುತ್ತದೆ ಎನ್ನುತ್ತಾರೆ ಗಬ್ನಾ ಗುಂಪಿನ ಸಾಮಿ ಜನ. ಹಳೆಯ ಗಣಿ, ಊರು, ರೈಲು ಸೇರಿ ಆ ದಾರಿಯನ್ನು ಆಗಲೇ ಕಿರಿದಾಗಿಸಿವೆ.

ಚರ್ಚ್ ಹಾಯಲು ರಸ್ತೆಯನ್ನು 9 ಮೀಟರಿನಿಂದ 24 ಮೀಟರಿಗೆ ಅಗಲಿಸಿದ್ದರು. ಸಾಮಿ ದನಗಾಹಿಗಳು ಹೊಸ ರಸ್ತೆ ಕೇಳುತ್ತಿಲ್ಲ, ಇರುವ ಹಾದಿ ಉಳಿಸಿ ಎನ್ನುತ್ತಿದ್ದಾರೆ.