ಜಾತಿದ್ವೇಷದ ಅಪರಾಧವೂ ಠಾಣೆಯ ಮೊದಲ ಬರಹವೂ

ನಮ್ಮ ಧರ್ಮಶಾಸ್ತ್ರಕಾರರು ನ್ಯಾಯವಿಚಾರಣೆಗೆ ಮೂಲವೆಂದು ಹೇಳಿದ್ದು ಆವೇದನವನ್ನು. ಪರರಿಂದ ಪೀಡಿತನಾದವನು ರಾಜನ ಸನ್ನಿಧಿಗೆ ಬಂದು ತನ್ನ ದುಃಖವನ್ನು ನಿವೇದಿಸಿಕೊಂಡಾಗಲೇ ವ್ಯವಹಾರವು ಹುಟ್ಟುವದೆಂದು ಯಾಜ್ಞವಲ್ಕ್ಯಸ್ಮೃತಿಯ ಅಭಿಪ್ರಾಯವು. ಅರ್ಥಿಯು ಹೇಗೆ ಹೇಳಿದನೋ ಹಾಗೆಯೇ, ವರ್ಷ, ಮಾಸ, ದಿನ, ಹೆಸರು, ಜಾತಿ ಮೊದಲಾದ ಗುರುತುಗಳೊಡನೆ ಅದನ್ನು ಬರೆದಿಡತಕ್ಕದ್ದೆಂದೂ ಆ ಸ್ಮೃತಿಯು ವಿಧಿಸುತ್ತದೆ. ಆದರೆ ಅದೇ ಗ್ರಂಥವು ವರ್ಣಾನುಸಾರವಾಗಿ ದಂಡದಲ್ಲಿ ತಾರತಮ್ಯವನ್ನು ಹೇಳಿರುವದನ್ನು ಮರೆಮಾಚುವದು ವಿದ್ವಾಂಸರಿಗೆ ಶೋಭಿಸದು. ಬರೆಯುವ ವಿಧಿಯೇನೋ ಉತ್ತಮವಾದದ್ದು. ಎಲ್ಲರ ಮಾತಿಗೂ ಸಮನಾದ ತೂಕವು ಮಾತ್ರ ಇರಲಿಲ್ಲ. ಈ ಕೊರತೆಯು ನಮ್ಮ ಸೀಮೆಯಲ್ಲಿ ಎಷ್ಟು ಕಾಲ ಉಳಿಯಿತು, ಹೇಗೆ ತೀರಬೇಕು ಎಂಬುದನ್ನು ವಿಚಾರಿಸುವದೇ ಈ ಲೇಖನದ ಉದ್ದೇಶವು.

ಸಾಮಾನ್ಯ ಹೊಡೆದಾಟಕ್ಕೂ ದ್ವೇಷಮೂಲವಾದ ಅಪರಾಧಕ್ಕೂ ಭೇದವುಂಟು. ಮೊದಲನೆಯದರಲ್ಲಿ ಪೆಟ್ಟು ಒಬ್ಬನಿಗೆ. ಎರಡನೆಯದರಲ್ಲಿ ಅವನು ಹುಟ್ಟಿದ ಕೇರಿಗೆಲ್ಲ. ಆದುದರಿಂದ ಏಟಿನೊಡನೆ ಆಡಿದ ಬೈಗಳನ್ನೂ, ಜಾತಿಯ ಹೆಸರನ್ನೂ ಬಿಟ್ಟು ಬರೆದ ಫಿರ್ಯಾದು ಅರ್ಧ ಸತ್ಯವೇ ಸರಿ.

ಏಕಸಂಬಿಯು ಸೇರಿದ ಚಿಕ್ಕೋಡಿ ತಾಲೂಕು ಮುಂಬಯಿ ಇಲಾಖೆಯದಾಗಿದ್ದ ಕಾಲದಲ್ಲಿ, 1867ರ ಗ್ರಾಮ ಪೋಲೀಸ ಕಾಯಿದೆಯ ಪ್ರಕಾರ ಊರಿನ ಅಪರಾಧದ ವರದಿಯನ್ನು ಮೇಲಕ್ಕೆ ಕಳಿಸುವ ಭಾರವು ಪೋಲೀಸ ಪಾಟೀಲನ ಮೇಲಿದ್ದಿತು. ಈ ಅಧಿಕಾರವು ಬಹುಮಟ್ಟಿಗೆ ವತನದಾರರ ಮನೆತನಗಳಲ್ಲಿಯೇ ನಡೆದುಬಂದದ್ದು. ಊರಿನ ಕೀಳು ಚಾಕರಿಗೆ ಕಟ್ಟುಬಿದ್ದವನು ಊರ ಹಿರಿಯರ ಮೇಲಿನ ದೂರನ್ನು ಊರ ಹಿರಿಯನ ಮುಂದೆಯೇ ಹೇಳಬೇಕಾಗಿದ್ದಿತು! ಈ ಕಟ್ಟನ್ನು ಸಡಿಲಿಸಲೆಂದೇ ಡಾ. ಅಂಬೇಡಕರರು 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ವತನ ಕಾಯಿದೆಯ ತಿದ್ದುಪಡಿಯ ಮಸೂದೆಯನ್ನು ತಂದರು. ಅದಕ್ಕೆ ಮೂರು ವರ್ಷ ಮೊದಲು, 1925ರಲ್ಲಿ, ಅವರು ನಮ್ಮ ನೆರೆಯ ನಿಪ್ಪಾಣಿಯ ಬಹಿಷ್ಕೃತರ ಪರಿಷತ್ತಿಗೆ ಬಂದಿದ್ದರೆಂಬುದು ಈ ಭಾಗದವರು ನೆನೆಯತಕ್ಕ ಸಂಗತಿಯು.

ಠಾಣೆಯ ಭಯಕ್ಕೆ ಇನ್ನೊಂದು ಕಾರಣವೂ ಉಂಟು. ಆಗ ಕೊಲ್ಲಾಪುರ ಸಂಸ್ಥಾನದಲ್ಲಿ ಮಹಾರ, ಮಾಂಗ ಮೊದಲಾದ ಜನರು ಏನೊಂದು ತಪ್ಪಿಲ್ಲದೆಯೂ ಅಧಿಕಾರಿಗಳ ಮುಂದೆ ಹಾಜರಿ ಕೊಡಬೇಕಾಗಿದ್ದಿತು. ಶಾಹೂ ಮಹಾರಾಜರು 1918ರಲ್ಲಿ ಈ ಹಾಜರಿಯನ್ನು ನಿಲ್ಲಿಸಿದರು. ರಾಯಬಾಗವು ಆಗ ಆ ಸಂಸ್ಥಾನಕ್ಕೇ ಸೇರಿದ್ದಿತೆಂಬುದನ್ನು ವಾಚಕರು ಬಲ್ಲರು. ಬ್ರಿಟಿಷ ಸೀಮೆಯಲ್ಲಿ ಕೆಲವು ಜಾತಿಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಎಣಿಸಿದ 1871ರ ಕಾಯಿದೆಯ ಪದ್ಧತಿಯು 1952ರ ವರೆಗೂ ಬಾಳಿತು. ತಲೆಮಾರುಗಳ ಕಾಲ ಸಂಶಯಿತನಾಗಿ ಠಾಣೆಯ ಮೆಟ್ಟಲು ಹತ್ತಿದವನ ಮೊಮ್ಮಗನು ಫಿರ್ಯಾದಿಯಾಗಿ ಹತ್ತುವಾಗ ಕಾಲು ನಡುಗಿದರೆ ಸೋಜಿಗವೇನು?

ಧೈರ್ಯದಿಂದ ದೂರು ಕೊಟ್ಟವನಿಗೂ ಹಿಂದಿನಿಂದ ಪೆಟ್ಟು ಬೀಳುತ್ತಿದ್ದಿತು. ಮುಂಬಯಿ ಸರಕಾರವು ನೇಮಿಸಿದ, ಅಂಬೇಡಕರರೂ ಸದಸ್ಯರಾಗಿದ್ದ ಸ್ಟಾರ್ಟ್ ಸಮಿತಿಯು 1930ರ ವರದಿಯಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಹಕ್ಕನ್ನು ಕೇಳಿದವರಿಂದ ಹೊಲವನ್ನು ಬಿಡಿಸುವದು, ಕೂಲಿಯನ್ನು ತಪ್ಪಿಸುವದು, ದಾರಿಯನ್ನು ಕಟ್ಟುವದು, ಅಂಗಡಿಯಲ್ಲಿ ಸಾಮಾನು ಕೊಡದಂತೆ ಮಾಡುವದು ಇವೇ ಆ ಬಹಿಷ್ಕಾರದ ಆಯುಧಗಳಾಗಿದ್ದವು.

ಸ್ವಾತಂತ್ರ್ಯಾನಂತರ ಶಾಸನಗಳು ಒಂದರ ಮೇಲೊಂದು ಬಂದವು. 1955ರಲ್ಲಿ ಅಸ್ಪೃಶ್ಯತೆಯ ಆಚರಣೆಯನ್ನು ದಂಡಿಸುವ ಕಾಯಿದೆಯೂ, 1989ರಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯಿದೆಯೂ ಆದವು. 2015ರಲ್ಲಿ ತಿದ್ದುಪಡಿಯಾದ ಇದರ 4ನೆಯ ಕಲಮು ನಮ್ಮ ವಿಷಯಕ್ಕೆ ಜೀವಾಳವಾಗಿದೆ. ಬಾಯಿಂದ ಹೇಳಿದ್ದನ್ನು ಅಧಿಕಾರಿಯು ಬರೆದುಕೊಂಡು, ಸಹಿಗೆ ಮೊದಲು ಹೇಳಿದವನಿಗೆ ಓದಿ ತೋರಿಸಬೇಕು, ಪ್ರಕರಣವನ್ನು ದಾಖಲಿಸಬೇಕು, ಕೂಡಲೆ ನಕಲು ಕೊಡಬೇಕು, ತನಿಖೆ ಮುಗಿಸಿ 60 ದಿನಗಳಲ್ಲಿ ಆರೋಪಪಟ್ಟಿಯನ್ನು ಸಲ್ಲಿಸಬೇಕು. ಈ ಕರ್ತವ್ಯವನ್ನು ಬೇಕೆಂದೇ ಅಲಕ್ಷಿಸಿದ ನೌಕರನಿಗೆ 6 ತಿಂಗಳಿಂದ 1 ವರ್ಷದ ವರೆಗೆ ಶಿಕ್ಷೆಯುಂಟು. ದಾಖಲೆಗೆ ಮುಂಚೆ ಪ್ರಾಥಮಿಕ ವಿಚಾರಣೆ ಬೇಕಿಲ್ಲವೆಂದು 2018ರ ತಿದ್ದುಪಡಿಯು ಸ್ಪಷ್ಟಪಡಿಸಿದೆ. ಸ್ಮೃತಿಯು ಅರ್ಥಿಯು ಹೇಳಿದಂತೆಯೇ ಬರೆಯಬೇಕೆಂದದ್ದು ಇಲ್ಲಿ, ತಾರತಮ್ಯದ ಕಳಂಕವನ್ನು ಕಳೆದುಕೊಂಡು, ಎಲ್ಲರ ಸ್ವತ್ತಾಗಿದೆ.

ಆದರೆ ಬರಹವು ನಿಂತರೆ ಸಾಲದು, ಬರೆಸಿದವನೂ ನಿಲ್ಲಬೇಕು. ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ 11ರಂದು ಏಳು ಜನ ದಲಿತರನ್ನು ಸಜೀವ ದಹಿಸಲಾಯಿತು. ಸಾಕ್ಷಿಗಳು ತಿರುಗಿ ನುಡಿದದ್ದರಿಂದ 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆ ಹೊಂದಿದರು. ಇದಕ್ಕೆ ಪ್ರತಿಯಾಗಿ ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರಲ್ಲಿ ನಡೆದ ದೌರ್ಜನ್ಯಕ್ಕಾಗಿ ಜಿಲ್ಲಾ ನ್ಯಾಯಾಲಯವು 2024ರ ಅಕ್ಟೋಬರದಲ್ಲಿ 98 ಜನರಿಗೆ ಆಜೀವ ಶಿಕ್ಷೆಯನ್ನು ವಿಧಿಸಿತು. ಪ್ರಕರಣವು ಬಳಿಕ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ಹತ್ತು ವರ್ಷಗಳ ವರೆಗೆ ಒಂದು ಮಾತನ್ನು ಜೀವಂತವಾಗಿಡುವದು ಬಡವರಿಗೆ ಸುಲಭವಲ್ಲ. ಸಾಕ್ಷಿಗಳ ರಕ್ಷಣೆಯನ್ನೂ 2015ರ ತಿದ್ದುಪಡಿಯು ಕಾಯಿದೆಯೊಳಗೆ ತಂದದ್ದು ಈ ಕಾರಣದಿಂದಲೇ ಸಮಂಜಸವಾಗಿದೆ.

ಇನ್ನು ನಮ್ಮ ಗಡಿನಾಡಿನ ಮಾತು. ದೂಧಗಂಗೆಯ ಈಚೆ ಕರ್ನಾಟಕ, ಆಚೆ ಮಹಾರಾಷ್ಟ್ರ. ಕೂಲಿಗೂ ಸಂತೆಗೂ ಜನರು ದಿನಾಲು ದಾಟುತ್ತಾರೆ. ಅಪರಾಧವು ಆಚೆ ನಡೆಯಿತೆಂದು ಈಚೆಯ ಠಾಣೆಯವರು ಹಿಂದಿರುಗಿಸಲಾಗದು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮು, ಸ್ಥಳವು ಯಾವ ಠಾಣೆಯದಾದರೂ ದೂರನ್ನು ಬರೆದುಕೊಳ್ಳಬೇಕೆಂದು ವಿಧಿಸಿದೆ. ಠಾಣೆಯವರು ಒಪ್ಪದಿದ್ದರೆ ಜಿಲ್ಲಾ ಪೋಲೀಸ ಅಧೀಕ್ಷಕರಿಗೆ ಅಂಚೆಯಿಂದಲೇ ಕಳಿಸಬಹುದು. ಮರಾಠಿಯಲ್ಲಿ ಹೇಳಿದವನಿಗೆ ಬರಹವು ಕನ್ನಡದಲ್ಲಿದ್ದರೆ ಅವನಿಗೆ ತಿಳಿಯುವಂತೆ ಓದಿ ಹೇಳುವದು ಅವಶ್ಯವು. ಅರ್ಥವಾಗದ ಓದು ಓದಲ್ಲ.

ವಿದ್ಯಾವಂತ ಕುಟುಂಬಗಳಿಗೆ ಇಲ್ಲೊಂದು ಕರ್ತವ್ಯವಿದೆ. ಅಕ್ಷರ ಬಾರದ ನೆರೆಯವನೊಡನೆ ಠಾಣೆಗೆ ಹೋಗಿರಿ. ಅವನ ಮಾತನ್ನು ಸಂಸ್ಕರಿಸಬೇಡಿರಿ; ಅವನು ಕೇಳಿದ ಬೈಗಳು ಎಷ್ಟೇ ಅಸಭ್ಯವಿದ್ದರೂ ಇದ್ದಂತೆಯೇ ಬರೆಸಿರಿ. ನಕಲು ಅವನ ಕೈಗೆ ಬಂದ ಮೇಲೆಯೇ ಮನೆಗೆ ಮರಳಿರಿ. ರಾಜಿಯ ಮಾತನ್ನಾಡಿ ಊರಿನ ಮಾನವನ್ನು ಕಾಯುವೆವೆನ್ನುವವರು, ಆ ಮಾನದಲ್ಲಿ ಅವನ ಪಾಲೂ ಇದೆಯೆಂಬುದನ್ನು ಲಕ್ಷಿಸಬೇಕು.