ಕೃತಿಸ್ವಾಮ್ಯದಲ್ಲಿ ಸ್ವೋಪಜ್ಞತೆ

ಸ್ವೋಪಜ್ಞತೆ ಅಥವಾ ಸ್ವಂತಿಕೆಯು ಒಂದು ಕೃತಿಗೆ ಕೃತಿಸ್ವಾಮ್ಯದ ರಕ್ಷಣೆ ದೊರೆಯಲು ಅದರಲ್ಲಿ ಇರಬೇಕಾದ ಮೂಲಭೂತ ಗುಣವಾಗಿದೆ. ಭಾರತದ 1957ರ ಕೃತಿಸ್ವಾಮ್ಯ ಅಧಿನಿಯಮದ 13ನೆಯ ಕಲಂ ಪ್ರಕಾರ ಸ್ವೋಪಜ್ಞವಾದ ಸಾಹಿತ್ಯ, ನಾಟಕ, ಸಂಗೀತ ಮತ್ತು ಕಲಾಕೃತಿಗಳಿಗೆ, ಹಾಗೆಯೇ ಚಲನಚಿತ್ರ ಮತ್ತು ಧ್ವನಿಮುದ್ರಣಗಳಿಗೆ ಈ ಹಕ್ಕು ಲಭಿಸುತ್ತದೆ. 'ಸ್ವೋಪಜ್ಞ' ಎಂದರೇನು ಎಂಬುದನ್ನು ಅಧಿನಿಯಮವು ವ್ಯಾಖ್ಯಾನಿಸಿಲ್ಲ. ಅದರ ಅರ್ಥವು ನ್ಯಾಯಾಲಯಗಳ ತೀರ್ಪುಗಳಿಂದ ರೂಪುಗೊಂಡಿದೆ.

ಅರ್ಹತೆಯ ಸ್ವರೂಪ

ಕೃತಿಯು ಲೇಖಕನಿಂದಲೇ ಹುಟ್ಟಿರಬೇಕು. ಬೇರೊಂದು ಕೃತಿಯ ನಕಲಾಗಿರಬಾರದು. ಅದರ ಸಾಹಿತ್ಯಕ ಅಥವಾ ಕಲಾತ್ಮಕ ಗುಣಮಟ್ಟವನ್ನು ಕಾನೂನು ಅಳೆಯುವುದಿಲ್ಲ. ಗಣಕಯಂತ್ರದ ತಂತ್ರಾಂಶ, ಕೋಷ್ಟಕ ಮತ್ತು ದತ್ತಸಂಚಯಗಳೂ ಸಾಹಿತ್ಯ ಕೃತಿಯ ವ್ಯಾಖ್ಯೆಯೊಳಗೆ ಬರುತ್ತವೆ. ಕೃತಿ ರಚನೆಯಾದೊಡನೆ ಹಕ್ಕು ಹುಟ್ಟುವುದರಿಂದ ನೋಂದಣಿ ಕಡ್ಡಾಯವಲ್ಲ. ಆದರೆ ವಿವಾದ ಉಂಟಾದಾಗ ನೋಂದಣಿಯು ಮೇಲ್ನೋಟದ ಸಾಕ್ಷ್ಯವಾಗುತ್ತದೆ.

ವಿಚಾರ ಮತ್ತು ಅಭಿವ್ಯಕ್ತಿ

ವಿಚಾರ, ಕಥಾವಸ್ತು, ಐತಿಹಾಸಿಕ ಸಂಗತಿ ಮೊದಲಾದವುಗಳಿಗೆ ಕೃತಿಸ್ವಾಮ್ಯವಿಲ್ಲ. ಅವುಗಳನ್ನು ಅಭಿವ್ಯಕ್ತಿಸಿದ ರೀತಿಗೆ ಮಾತ್ರ ಇದೆ. 'ಹಮ್ ಹಿಂದೂಸ್ತಾನಿ' ನಾಟಕದ ಕರ್ತೃ ಆರ್. ಜಿ. ಆನಂದ್ ಅವರು 'ನ್ಯೂ ಡೆಲ್ಲಿ' ಚಲನಚಿತ್ರದ ವಿರುದ್ಧ ಹೂಡಿದ್ದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ ಈ ತತ್ತ್ವವನ್ನು ಎತ್ತಿಹಿಡಿಯಿತು. ಎರಡೂ ಕೃತಿಗಳು ಪ್ರಾಂತೀಯತೆಯ ಸಮಸ್ಯೆಯನ್ನು ಕುರಿತವಾಗಿದ್ದರೂ ಅವುಗಳ ನಿರೂಪಣೆ ಭಿನ್ನವಾಗಿದ್ದುದರಿಂದ ಹಕ್ಕಿನ ಉಲ್ಲಂಘನೆಯಾಗಿಲ್ಲವೆಂದು ತೀರ್ಪು ನೀಡಿತು.

ಶ್ರಮ ಮತ್ತು ಸೃಜನಶೀಲತೆ

ಕೇವಲ ಶ್ರಮದಿಂದ ಸ್ವೋಪಜ್ಞತೆ ಸಿದ್ಧಿಸುತ್ತದೆಯೇ ಎಂಬುದು ಬಹುಕಾಲದ ವಿವಾದ. ಇಂಗ್ಲೆಂಡಿನ ನ್ಯಾಯಾಲಯವೊಂದು 1916ರಲ್ಲಿ ಲಂಡನ್ ವಿಶ್ವವಿದ್ಯಾಲಯದ ಗಣಿತ ಪ್ರಶ್ನೆಪತ್ರಿಕೆಗಳಿಗೂ ಕೃತಿಸ್ವಾಮ್ಯವಿದೆ ಎಂದಿತು. ವಿಚಾರವು ಹೊಸದಾಗಿರಬೇಕಿಲ್ಲ, ರಚನೆಯು ಲೇಖಕನದೇ ಆಗಿದ್ದರೆ ಸಾಕು ಎಂಬುದು ಅದರ ನಿಲುವು. ಇದಕ್ಕೆ ಭಿನ್ನವಾಗಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1991ರ ಫೀಸ್ಟ್ ಮೊಕದ್ದಮೆಯಲ್ಲಿ, ಚಂದಾದಾರರ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿದ ದೂರವಾಣಿ ಕೈಪಿಡಿಗೆ ರಕ್ಷಣೆಯನ್ನು ನಿರಾಕರಿಸಿತು. ಸೃಜನಶೀಲತೆಯ ಕಿಡಿಯಾದರೂ ಇರಬೇಕೆಂದು ಹೇಳಿತು.

ಭಾರತದ ಸರ್ವೋಚ್ಚ ನ್ಯಾಯಾಲಯವು ಈಸ್ಟರ್ನ್ ಬುಕ್ ಕಂಪನಿ ಮತ್ತು ಡಿ. ಬಿ. ಮೋದಕ್ ನಡುವಿನ ಮೊಕದ್ದಮೆಯಲ್ಲಿ (2007) ನಡುದಾರಿಯನ್ನು ಹಿಡಿಯಿತು. ತೀರ್ಪುಗಳ ಮೂಲಪಾಠವು ಸಾರ್ವಜನಿಕ ಸ್ವತ್ತು. ಅದರಲ್ಲಿನ ಅಕ್ಷರದೋಷಗಳನ್ನು ತಿದ್ದುವಂತಹ ಕೆಲಸಕ್ಕೆ ಎಷ್ಟೇ ದುಡಿಮೆ ವ್ಯಯವಾಗಿದ್ದರೂ ಅಷ್ಟರಿಂದಲೇ ಹಕ್ಕು ಬರುವುದಿಲ್ಲ. ಆದರೆ ತೀರ್ಪನ್ನು ಅರ್ಥಾನುಸಾರವಾಗಿ ಪ್ಯಾರಾಗಳಾಗಿ ವಿಂಗಡಿಸುವುದು, ನ್ಯಾಯಮೂರ್ತಿಗಳ ಸಹಮತ ಹಾಗೂ ಭಿನ್ನಮತಗಳನ್ನು ಗುರುತಿಸುವುದು ಕಾನೂನಿನ ತಿಳಿವಳಿಕೆ ಮತ್ತು ವಿವೇಚನೆಯನ್ನು ಬೇಡುವುದರಿಂದ ರಕ್ಷಣೆಗೆ ಅರ್ಹವೆಂದು ನಿರ್ಣಯಿಸಿತು. ರಕ್ಷಣೆಯ ಮಿತಿಯನ್ನು ಅತಿಯಾಗಿ ಹಿಗ್ಗಿಸಿದರೆ ಎಲ್ಲರಿಗೂ ಸೇರಿದ ಮಾಹಿತಿ ಒಬ್ಬರ ಸ್ವತ್ತಾಗುತ್ತದೆ. ಅತಿಯಾಗಿ ಕುಗ್ಗಿಸಿದರೆ ಸಂಪಾದಕರ ಹಾಗೂ ಸಂಕಲನಕಾರರ ಬೌದ್ಧಿಕ ದುಡಿಮೆಗೆ ಫಲವಿಲ್ಲದಂತಾಗುತ್ತದೆ.

ಪಾರಂಪರಿಕ ಕಲೆ ಮತ್ತು ಶಿವರಾಮ ಕಾರಂತರ ಬ್ಯಾಲೆ

ತಲೆಮಾರುಗಳಿಂದ ಹರಿದುಬಂದ ಯಕ್ಷಗಾನವು ಯಾರೊಬ್ಬರ ಸ್ವತ್ತೂ ಅಲ್ಲ. ಆದರೆ ಅದನ್ನು ಆಧರಿಸಿ ರಚಿಸಿದ ಹೊಸ ರೂಪಕ್ಕೆ ಕೃತಿಸ್ವಾಮ್ಯ ದೊರೆಯಬಹುದು. ಶಿವರಾಮ ಕಾರಂತರು ರಾಗ, ತಾಳ, ರಂಗವಿನ್ಯಾಸ, ವೇಷಭೂಷಣಗಳಲ್ಲಿ ಮಾರ್ಪಾಡುಗಳನ್ನು ಮಾಡಿ ಯಕ್ಷಗಾನ ಬ್ಯಾಲೆಯನ್ನು ರೂಪಿಸಿದ್ದರು. ಅವರ ನಿಧನಾನಂತರ ಅದರ ಪ್ರದರ್ಶನದ ಬಗ್ಗೆ ಉಂಟಾದ ವಿವಾದವು ಸರ್ವೋಚ್ಚ ನ್ಯಾಯಾಲಯವನ್ನು ತಲುಪಿತು. 2009ರ ತೀರ್ಪು ಈ ಬ್ಯಾಲೆಯನ್ನು ಸಾಹಿತ್ಯ ಕೃತಿಯೆಂದಲ್ಲ, ನಾಟಕ ಕೃತಿಯೆಂದು ಪರಿಗಣಿಸಿತು. ಅದರ ಹಕ್ಕು ಕಾರಂತರ ಉಯಿಲಿನ ಮೂಲಕ ವಾರಸುದಾರರಿಗೆ ಸಂದಿದೆಯೆಂದು ಮಾನ್ಯ ಮಾಡಿತು. ಅಧಿನಿಯಮದ ಪ್ರಕಾರ ನೃತ್ಯ ಸಂಯೋಜನೆಯೂ ನಾಟಕ ಕೃತಿಯೇ. ಆದರೆ ಅದರ ರೂಪವು ಬರವಣಿಗೆಯಲ್ಲಿ ಅಥವಾ ಬೇರಾವುದಾದರೂ ವಿಧಾನದಲ್ಲಿ ದಾಖಲಾಗಿರಬೇಕು.

ಅವಧಿ

ಪ್ರಕಟಿತ ಸಾಹಿತ್ಯ, ನಾಟಕ, ಸಂಗೀತ ಮತ್ತು ಕಲಾಕೃತಿಗಳ ಕೃತಿಸ್ವಾಮ್ಯವು ಸಾಮಾನ್ಯವಾಗಿ ಲೇಖಕರ ಜೀವಿತಾವಧಿಯವರೆಗೆ, ತದನಂತರ 60 ವರ್ಷಗಳವರೆಗೆ ಇರುತ್ತದೆ. ಆ ಬಳಿಕ ಕೃತಿಯು ಸಾರ್ವಜನಿಕ ಸ್ವತ್ತಾಗುತ್ತದೆ.